ಅಗೂನಿಯವರ ಮೇಲಿರುವ ಕುದುರೆ

ಮಿಮೂನನ ಎದುರು ಅಲ್ಲಾಲ್‌ನ ಹೆಸರೆತ್ತಬಾರದು. ಎತ್ತಿದರೆ ಚಹಾದ ಲೋಟ ಮೇಜಿಗೆ ಬಡಿಯುತ್ತದೆ, ಪುದೀನಾ ಎಲೆ ಸಮೇತ ಚಹಾ ಚೆಲ್ಲುತ್ತದೆ, ಅಂಗಡಿಯವನು ಗೊಣಗಿಕೊಂಡು ಒರೆಸುವ ಬಟ್ಟೆ ತರುತ್ತಾನೆ. "ನನ್ನ ಬಾಯಿ ಏನು ಅವನ ಅಪ್ಪನ ಮನೆ ಬಾಗಿಲೇನ್ರಯ್ಯಾ, ಬೇಕು ಅಂದಾಗ ತೆಗೆಯೋಕೆ?" ಎಂದು ಮಿಮೂನ್ ಕೂಗುತ್ತಾನೆ. ನಡೆದು ಎಷ್ಟೋ ವರ್ಷವಾದ ಸಂಗತಿ. ಅಂದು ಅಲ್ಲಿದ್ದವರಲ್ಲಿ ಅರ್ಧ ಜನ ಈಗ ಮಣ್ಣಿನಡಿ ಇದ್ದಾರೆ. ಮಿಮೂನನ ಸಿಟ್ಟು ಮಾತ್ರ ಈಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಹೊಗೆಯಾಡುತ್ತಲೇ ಇದೆ.

ಆ ಸಿಟ್ಟಿಗೆ ಕಾರಣ ಒಂದೇ ಒಂದು ಮಾತು. 'ಒಪ್ಪಿದ' ಎಂಬ ಮಾತು. ಅದು ಮಿಮೂನನ ಬಾಯಿಂದ ಬರಬೇಕಿತ್ತು. ಅಲ್ಲಾಲ್ ಆಡಿಬಿಟ್ಟ.

ಮಿಮೂನ್ ಬೆಟ್ಟದ ಮನುಷ್ಯ. ಕೆಳಗಿನ ಪೇಟೆಯಿಂದ ಮೇಲಿನ ಹಳ್ಳಿಗಳಿಗೆ ಉಪ್ಪು, ಎಣ್ಣೆ, ಸಕ್ಕರೆ ಹೇರಿಕೊಂಡು ಹೋಗುವುದು, ಮೇಲಿನಿಂದ ಉಣ್ಣೆ ಇಳಿಸಿಕೊಂಡು ಬರುವುದು, ಇದೇ ಅವನ ಬದುಕು. ಗಝಾಲಾ ಎಂಬ ಬೂದು ಬಣ್ಣದ ಹೆಣ್ಣು ಕುದುರೆ ಅವನಿಗಿತ್ತು. ಗಿಡ್ಡ ಕಾಲು, ದಪ್ಪ ಕುತ್ತಿಗೆ, ನೋಡಲು ಅಂದವೇನಿಲ್ಲ. ಆದರೆ ಕಲ್ಲಿನ ಮೇಲೆ ಮೇಕೆಯ ಹಾಗೆ ನಡೆಯುತ್ತಿತ್ತು. ಮಿಮೂನನ ಬಾಯಿಗೆ ಊರೆಲ್ಲ ಹೆದರುತ್ತಿತ್ತು. ಹೇರು ವಾಲಿದರೆ ಬೈಗುಳ, ಹಗ್ಗ ಸಡಿಲಾದರೆ ಬೈಗುಳ. ಅವನು ಯಾವ ದಾರಿ ಹತ್ತಿರವಾದಂತೆಲ್ಲ ಹೆಚ್ಚು ಬೈಯುತ್ತಾನೆ ಎಂಬುದನ್ನು ಗಮನಿಸಿದ್ದವಳು ಅವನ ಹೆಂಡತಿ ಇಝ್ಝಾ ಒಬ್ಬಳೇ.

ಆ ದಾರಿಗೆ ನಮ್ಮಲ್ಲಿ ಸೊಂಟಪಟ್ಟಿ ಎನ್ನುತ್ತಾರೆ. ಕಮರಿಯ ಮೇಲಿನ ನೆಟ್ಟನೆಯ ಬಂಡೆಗೆ ಯಾರೋ ಪಟ್ಟಿ ಬಿಗಿದ ಹಾಗೆ ಸುತ್ತಿಕೊಂಡು ಹೋಗುವ ಓಣಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಒಂದು ಪ್ರಾಣಿ ನಡೆಯುವಷ್ಟು ಅಗಲ, ತಿರುಗುವಷ್ಟು ಅಲ್ಲ. ಅದರ ಆಚೆ ಅಗೂನಿ ಎಂಬ ಚಿಕ್ಕ ಹಳ್ಳಿ. ಮಿಮೂನ್ ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾಗ ಅವನ ಅಣ್ಣ ಹಮ್ಮಾದಿ ಅಲ್ಲಿ ಹೇಸರಗತ್ತೆಯ ಸಮೇತ ಬಿದ್ದುಹೋದ. ಹೇರು ಗೋಡೆಗೆ ತಗುಲಿತು, ಪ್ರಾಣಿ ಆಚೆಗೆ ವಾಲಿತು, ಅಷ್ಟೆ. ಹಿಂದೆ ಬರುತ್ತಿದ್ದ ಮಿಮೂನನಿಗೆ ಅಣ್ಣನ ಕೂಗು ಕೇಳಲಿಲ್ಲ. ಹೇಸರಗತ್ತೆಯ ಕೊರಳಗಂಟೆ ಮಾತ್ರ ಕೇಳಿತು. ಅದು ಕೆಳಗೆ, ಇನ್ನೂ ಕೆಳಗೆ, ತುಂಬ ಹೊತ್ತು ಕೇಳಿತು.

ಅಂದಿನಿಂದ ಅವನು ಆ ಕಡೆ ಹೋಗಲಿಲ್ಲ. ಯಾರಾದರೂ ಕೇಳಿದರೆ "ಸೊಂಟಪಟ್ಟಿ ಕುಸಿದುಹೋಗಿದೆ" ಎನ್ನುತ್ತಿದ್ದ. ದಾರಿಗಳ ವಿಷಯದಲ್ಲಿ ಅವನ ಮಾತೇ ಕೊನೆ. ಕೆಳಗಿನವರು ನಂಬಿದರು.

ಆ ಕಾಲಕ್ಕೆ ಪ್ರತಿ ವಸಂತದಲ್ಲಿ ಬಯಲುನಾಡಿನ ಕುದುರೆ ಸವಾರರು ಬೆಟ್ಟ ಹತ್ತಿ ಬರುತ್ತಿದ್ದರು. ಪೇಟೆಯಲ್ಲಿ ಬಸುರಿಯರಿಗೊಂದು ಮನೆ ಕಟ್ಟಬೇಕು, ದೂರದ ಹಳ್ಳಿಯ ಹೆಂಗಸರು ದಿನ ತುಂಬುವ ಮೊದಲೇ ಬಂದು ಅಲ್ಲಿರಬೇಕು, ದಾರಿಯಲ್ಲಿ ಹೆತ್ತು ಸಾಯಬಾರದು ಎಂದು ಊರೂರು ಸುತ್ತಿ ಬೇಡುವ ಧರ್ಮದ ಸವಾರಿ ಅದು. ಮುಂದಾಳು ಅಲ್ಲಾಲ್. ಎತ್ತರದ ಆಳು, ಬಿಳಿ ನಿಲುವಂಗಿ, ಕರಿಯ ಗಂಡು ಕುದುರೆ, ಗಂಟಲೋ ಡೋಲು. ಅವನ ಜನರೆಲ್ಲ ಮದ್ದಿನಾಟದವರು. ಸಾಲಾಗಿ ಕುದುರೆ ಓಡಿಸಿಕೊಂಡು ಬಂದು, ಒಂದೇ ಉಸಿರಿಗೆ ಕೋವಿ ಹಾರಿಸಿ, ಅಲ್ಲೇ ಗಕ್ಕನೆ ನಿಲ್ಲುವ ಆಟ. ಹಳ್ಳಿ ಹಳ್ಳಿಯಲ್ಲೂ ಅದನ್ನು ಆಡಿ ತೋರಿಸುತ್ತಿದ್ದರು. ಜನ ಸಕ್ಕರೆ ಗಟ್ಟಿ, ಬೆಣ್ಣೆ, ಉಣ್ಣೆ, ಕೈಲಾದದ್ದು ಕೊಡುತ್ತಿದ್ದರು. ದಾರಿ ತೋರಿಸುವವನು ಮಿಮೂನ್.

"ನಿನ್ನ ಕುದುರೆಗೆ ಬುದ್ಧಿ ಅನ್ನೋದು ಇದೆಯಾ ಅಲ್ಲಾಲ್ ಸಾಹೇಬಾ?" ಎಂದು ಅವನು ಕೆಣಕುತ್ತಿದ್ದ. "ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಯೂಯೂ ಅಂದ ಕೂಡ್ಲೇ ಕಣ್ಣು ಮುಚ್ಕೊಂಡು ಓಡುತ್ತೆ."

"ಮದುವೆ ಗಂಡಿನ ಥರ ಕಣಯ್ಯಾ," ಎಂದು ಅಲ್ಲಾಲ್ ನಗುತ್ತಿದ್ದ. "ಯೂಯೂ ಅಂದ್ರೆ ಓಟ, ಕೋವಿ ಸಿಡಿದ್ರೆ ನಿಲುಗಡೆ. ಇದರ ಅಪ್ಪನಿಗೂ ಅಷ್ಟೇ ಗೊತ್ತಿದ್ದದ್ದು. ನಿನ್ನದೋ? ಪಟಾಕಿ ಸದ್ದಿಗೆ ಉಚ್ಚೆ ಹೊಯ್ಯುತ್ತೆ."

ಅದು ನಿಜವೇ. ಗಝಾಲಾ ಮದ್ದಿನ ಸದ್ದು ಕೇಳಿ ಬೆಳೆದ ಕುದುರೆಯಲ್ಲ. ಆಟ ಶುರುವಾಗುವ ಮುನ್ನ ಮಿಮೂನ್ ಅದನ್ನು ಊರಾಚೆ ಕರೆದುಕೊಂಡು ಹೋಗಿ ನಿಲ್ಲುತ್ತಿದ್ದ.

ಆ ವರ್ಷದ ಸವಾರಿ ಸಂತೆಯ ಮರುದಿನ ಪೇಟೆಯಿಂದ ಹೊರಡಬೇಕಿತ್ತು. ಸಂತೆಯಲ್ಲಿ ಜನ ಕಿಕ್ಕಿರಿದಿದ್ದರು. ಮಿಮೂನ್ ಕುದುರೆಯ ಮೇಲೆ ಕೂತಿದ್ದ. ಆಗ ಒಬ್ಬ ಮುದುಕಿ ಗುಂಪು ಸೀಳಿಕೊಂಡು ಬಂದು ಅವನು ಕಾಲಿಟ್ಟಿದ್ದ ರಿಕಾಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಗೂನಿಯ ಸೂಲಗಿತ್ತಿ ರುಖಿಯಾ. ಕಾಲಿನ ಚಪ್ಪಲಿ ಹರಿದಿತ್ತು. ಬೆಟ್ಟದ ನೆತ್ತಿ ಸುತ್ತಿ ಬರುವ ಮೇಕೆದಾರಿಯಲ್ಲಿ ನಡೆದು ಬಂದಿದ್ದಳು.

"ಹಮ್ಮಾದಿ ತಮ್ಮ ಅಲ್ವೇನೋ ನೀನು?"

"ಹೌದು ಲಲ್ಲಾ, ನನ್ನ ತಾಯೇ. ಕೈ ಬಿಡು, ಒದ್ದುಗಿದ್ದೀತು."

"ಒದೀಲಿ ಬಿಡು, ಮುರಿಯೋಕೆ ಇನ್ನೇನು ಉಳಿದಿದೆ? ಎಲ್ಲರ ಊರಿಗೂ ಹೋಗ್ತೀರ, ಎಲ್ಲರ ಹತ್ರನೂ ಬೇಡ್ತೀರ. ಅಗೂನಿಗೆ ಯಾಕೋ ಬರಲ್ಲ? ನಮ್ಮ ಹತ್ರ ಕೊಡೋಕೆ ಏನೂ ಇಲ್ಲ ಅಂತಾನಾ?"

"ದಾರಿ ಬಿದ್ದುಹೋಗಿದೆ ಲಲ್ಲಾ."

"ಯಾವನು ಹೇಳಿದ್ದು? ನಮ್ಮ ಹೇಸರಗತ್ತೆ ಅದೇ ದಾರೀಲಿ ಓಡಾಡುತ್ತೆ. ನಾನೇನೋ ಕಣ್ಣು ಕಾಣದ ಮುದುಕಿ, ಮೇಲೇ ಸುತ್ತಿ ಬಂದೆ. ದಾರಿ ಗಟ್ಟಿಯಾಗಿದೆ ಕಣೋ."

ಜನ ಮಿಮೂನನ ಮುಖ ನೋಡಿದರು. ಅವನ ಕಿವಿಯ ಹಿಂದೆ ಬೆವರು ಇಳಿಯಿತು.

"ನಾಳೆ ಬಸುರಿಯರ ಮನೆ ಎದ್ದ ಮೇಲೆ ನನ್ನ ಸೊಸೆ ಅಲ್ಲಿ ಹೋಗಿ ಮಲಗ್ತಾಳೆ," ಎಂದಳು ರುಖಿಯಾ. "ಪಕ್ಕದ ಹಾಸಿಗೆಯವಳು 'ನಿಮ್ಮೂರಿಂದ ಏನು ಕೊಟ್ರಿ' ಅಂತ ಕೇಳಿದ್ರೆ ಅವಳು ಗೋಡೆ ಕಡೆ ತಿರುಗಿ ಮಲಗಬೇಕಾ? ನಮಗೆ ಕೊಡಿ ಅಂತ ಕೇಳೋಕೆ ಬಂದಿಲ್ಲ ನಾನು. ನಮ್ಮಿಂದಲೂ ತಗೊಳ್ಳಿ ಅಂತ ಕೇಳೋಕೆ ಬಂದಿದ್ದೀನಿ." ಮಾತು ಮುಗಿಸಿದವಳೇ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ನೆರೆತ ತಲೆಯನ್ನು ಎಲ್ಲರಿಗೂ ತೋರಿಸಿ, ಬಟ್ಟೆಯನ್ನು ಗಝಾಲಾಳ ಕಾಲಿನಡಿ ಎಸೆದಳು. "ದೇವರ ಆರ್‌ನಲ್ಲಿ, ನಿನ್ನ ಆರ್‌ನಲ್ಲಿ ಇದ್ದೀನಿ ಮಿಮೂನ್. ಸವಾರಿ ಕರ್ಕೊಂಡು ಬಾ."

ಸಂತೆ ತಣ್ಣಗಾಯಿತು. ಕಬ್ಬಿಣ ಬಡಿಯುವವನ ಸುತ್ತಿಗೆಯೂ ನಿಂತಿತು. ಆರ್ ಎಂದರೆ ತನ್ನ ಮಾನವನ್ನೇ ಇನ್ನೊಬ್ಬರ ಕಾಲಿಗೆ ಹಾಕಿ ಬೇಡುವುದು, ಆಟವಲ್ಲ. ಹಾಗೆ ಹಾಕಿದ ಮೇಲೆ ಕೇಳಿದ್ದನ್ನು ನಡೆಸಿಕೊಡಲೇಬೇಕು. ಇಲ್ಲದಿದ್ದರೆ ತಪ್ಪಿದವನ ಮನೆಯಲ್ಲಿ ಬೆಣ್ಣೆ ಕೂಡುವುದಿಲ್ಲ, ಹೊಟ್ಟೆಯಲ್ಲಿ ಕೂಸು ನಿಲ್ಲುವುದಿಲ್ಲ ಎನ್ನುತ್ತಾರೆ. ನಕ್ಕವರನ್ನು ನಾನೂ ನೋಡಿದ್ದೇನೆ. ಅವರ ಪಾಡು ಏನಾಯಿತು ಎಂದೂ ನೋಡಿದ್ದೇನೆ. ಆದರೆ ಯಾರ ಮೇಲೆ ಬಿತ್ತೋ ಅವನೇ ಬಾಯಿ ಬಿಟ್ಟು 'ಒಪ್ಪಿದೆ' ಎನ್ನಬೇಕು. ಅಲ್ಲಿಯವರೆಗೆ ಬಿಡಿಸಿಕೊಳ್ಳಲು ಒಂದು ಕೂದಲಿನಷ್ಟು ಸಂದು ಇರುತ್ತದೆ. ಹಿರಿಯರನ್ನು ಕರೆಯಬಹುದು, ಬೇರೆ ಏನಾದರೂ ಕೊಡುತ್ತೇನೆಂದು ಕಾಲು ಹಿಡಿಯಬಹುದು.

ಮಿಮೂನ್ ಬಾಯಿ ತೆರೆದ. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಅವನ ಕಿವಿಯಲ್ಲಿ ಕೊರಳಗಂಟೆ ಕೆಳಗೆ ಕೆಳಗೆ ಹೋಗುತ್ತಿತ್ತು.

ಅಷ್ಟರಲ್ಲಿ ಪಕ್ಕದಿಂದ ಆ ಡೋಲು ಮೊಳಗಿತು. "ಒಪ್ಪಿದ! ನಮ್ಮ ಮಿಮೂನ್ ಒಪ್ಪಿದ! ಖುಷಿಗೆ ಮಾತು ಬರ್ತಾ ಇಲ್ಲ ನೋಡಿ ಇವನಿಗೆ!"

ಸಂತೆಯೇ ಹೋ ಎಂದು ಕೂಗಿತು. ಅಲ್ಲಾಲ್ ಕೆಟ್ಟವನಲ್ಲ, ಅದನ್ನು ನಾನು ಒಪ್ಪುತ್ತೇನೆ. ಮುದುಕಿಯೊಬ್ಬಳು ತಲೆ ಬಿಚ್ಚಿ ನಿಂತಿರುವಾಗ ಸುಮ್ಮನಿರುವುದು ಅವನಿಗೆ ಆಗದ ಕೆಲಸ. ಆದರೆ ಇನ್ನೊಬ್ಬನ ಕುತ್ತಿಗೆಗೆ ಹಗ್ಗ ಹಾಕುವಾಗ ಅವನನ್ನು ಒಂದು ಮಾತು ಕೇಳುವುದು ಬೇಡವೇ?

ಸಂಜೆ ಮನೆಯಲ್ಲಿ ಮಿಮೂನ್ ಜೀನಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡುತ್ತ, ಪ್ರತಿಯೊಂದನ್ನೂ ಬೈಯುತ್ತ ಕೂತಿದ್ದ.

"ಜ್ವರ ಅಂತ ಹೇಳ್ತೀನಿ," ಎಂದ ಕೊನೆಗೆ.

"ಆರ್‌ಗೆ ಜ್ವರ ಗೊತ್ತಾಗುತ್ತಾ?" ಎಂದಳು ಇಝ್ಝಾ. ಮೂಲೆಯಲ್ಲಿ ಅವರ ಮಗಳು ಉಣ್ಣೆ ಹಿಂಜುತ್ತಿದ್ದಳು, ಏಳು ತಿಂಗಳ ಬಸುರಿ. ಇಝ್ಝಾ ದನಿ ತಗ್ಗಿಸಿದಳು. "ಅವಳ ಹೊಟ್ಟೆ ನೋಡಿ ಆಮೇಲೆ ಮಾತಾಡು."

ಅವನು ಜೀನಿನ ಕೊನೆಯ ಪಟ್ಟಿಯನ್ನೂ ಎಳೆದು ಬಿಗಿದ.

ಸೊಂಟಪಟ್ಟಿಯ ಬಾಯಿಗೆ ಅವರು ಬಂದದ್ದು ಬೆಳಗಿನ ಬಿಸಿಲು ಏರುವ ಹೊತ್ತಿಗೆ. ಊರವರಿಗೆ ಸುದ್ದಿ ಮುಟ್ಟಿಸಲು ರುಖಿಯಾ ಹಿಂದಿನ ದಿನವೇ ಮೇಕೆದಾರಿ ಹಿಡಿದಿದ್ದಳು. ಮುಂದೆ ಮಿಮೂನ್, ಅವನ ಹಿಂದೆ ಅಲ್ಲಾಲ್, ಅವನ ಹಿಂದೆ ಬಯಲಿನ ಸವಾರರೆಲ್ಲ ಒಬ್ಬರ ಬಾಲಕ್ಕೊಬ್ಬರು. ಅಗೂನಿಗೆ ಕಾಲಿಡುವಾಗ ಗೌರವಕ್ಕೆ ಹಾರಿಸಬೇಕೆಂದು ಕೋವಿಗಳಿಗೆ ಆಗಲೇ ಮದ್ದು ತುಂಬಿ ಬೆನ್ನಿಗೆ ಹಾಕಿಕೊಂಡಿದ್ದರು. ಮದ್ದು ಮಾತ್ರ, ಗುಂಡಿಲ್ಲ.

"ಇಳಿದು ನಡೆಯೋಣವಾ?" ಎಂದು ಓಣಿಯೊಳಗೆ ಹತ್ತು ಹೆಜ್ಜೆ ಹೋದ ಮೇಲೆ ಅಲ್ಲಾಲ್ ಕೇಳಿದ.

"ಇಳಿಯೋಕೆ ಜಾಗ ಎಲ್ಲಿದೆಯೋ? ಕಾಲು ಇಡೋದು ಗಾಳಿ ಮೇಲೆ! ಸುಮ್ನೆ ಕೂತ್ಕೋ. ಲಗಾಮು ಎಳೀಬೇಡ. ಕೆಳಗೆ ನೋಡಬೇಡ. ಯಾವನೂ ಹಾಡಬೇಡಿ, ಕೆಮ್ಮಬೇಡಿ, ಬಾಯಿ ಬಿಡಬೇಡಿ!"

"ಉಸಿರಾಡಬಹುದಾ?"

"ಬೇಕಾದಷ್ಟೇ ಆಡು!"

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ.

ಗಝಾಲಾ ಮೂತಿ ತಗ್ಗಿಸಿ, ನೆಲ ಮೂಸುತ್ತ, ಒಂದೊಂದೇ ಹೆಜ್ಜೆ ಇಟ್ಟಿತು. ಮಿಮೂನನ ಎಡ ಮೊಣಕಾಲು ಬಂಡೆಗೆ ಉಜ್ಜಿಕೊಂಡು ಹೋಗುತ್ತಿತ್ತು. ಬಲಗಾಲಿನ ಕೆಳಗೆ ಬರಿಯ ಬಯಲು, ಅದರಾಳದಲ್ಲಿ ನೀರಿನ ಸದ್ದು. ಲಾಳಕ್ಕೆ ಸಿಕ್ಕಿದ ಕಲ್ಲೊಂದು ಆಚೆ ಜಾರಿತು. ಅದು ಬಿದ್ದ ಸದ್ದು ಬರಲಿಲ್ಲ. ಮಿಮೂನ್ ಕಾದ. ಬರಲೇ ಇಲ್ಲ. ಅಣ್ಣ ಬಿದ್ದ ತಿರುವು ಯಾವುದು ಎಂದು ಅವನಿಗೆ ಗುರುತೇ ಹತ್ತಲಿಲ್ಲ. ಎಲ್ಲ ತಿರುವೂ ಅದೇ ಎನಿಸಿತು. ಪ್ರತಿ ತಿರುವಿನಲ್ಲೂ ಹಮ್ಮಾದಿಯ ಬೆನ್ನು ಮುಂದೆ ನಡೆಯುತ್ತಿತ್ತು. ಅವನು ಕುದುರೆಯನ್ನು ಬೈಯಲು ನೋಡಿದ. ಬೈಗುಳವೂ ಬರಲಿಲ್ಲ.

ದೊಡ್ಡ ತಿರುವು ದಾಟಿದಾಗ ಎದುರಿನ ಬಂಡೆ ಕಂಡಿತು. ಕಮರಿಯ ಆಚೆ, ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರ. ಅದರ ಮೇಲೆ ಅಗೂನಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಮದುವೆಗೆ ಉಡುವ ಬಟ್ಟೆ, ಕೊರಳ ತುಂಬ ಬೆಳ್ಳಿ. ನಡುವೆ ರುಖಿಯಾ. ತಮ್ಮ ಊರಿಗೂ ಬೇಡಲು ಬಂದರಲ್ಲ ಎಂಬ ಸಂತೋಷಕ್ಕೆ ಅವರ ಮುಖಗಳು ಹೊಳೆಯುತ್ತಿದ್ದವು.

ಅವರು ಎದೆ ತುಂಬ ಉಸಿರು ಎಳೆದುಕೊಳ್ಳುವುದು ಮಿಮೂನನಿಗೆ ಕಂಡಿತು. ಏನಾಗಲಿದೆ ಎಂದು ಅವನಿಗೆ ಆ ಕ್ಷಣದಲ್ಲೇ ಹೊಳೆಯಿತು. ಕೂಗಿದರೆ ಕುದುರೆಗಳು ಬೆದರುತ್ತವೆ. ಲಗಾಮು ಬಿಟ್ಟು ಎರಡೂ ಕೈ ಮೇಲೆತ್ತಿ ಬೇಡ ಬೇಡ ಎಂದು ಬೀಸಿದ.

ಅಯ್ಯೋ, ಹಾಗೆ ಕೈ ಬೀಸಿದರೆ ಆಚೆಯವರಿಗೆ ಏನು ಅರ್ಥವಾದೀತು? ಅವರೂ ಕೈ ಬೀಸಿದರು. ತಲೆ ಹಿಂದಕ್ಕೆ ಚೆಲ್ಲಿ, ನಾಲಿಗೆ ಹೊರಳಿಸಿ, ಅಷ್ಟೂ ಹೆಂಗಸರು ಒಂದೇ ಸಲ ಯೂಯೂ ಎಂದರು. ಕಮರಿ ಅದನ್ನು ಹಿಡಿದು, ದುಪ್ಪಟ್ಟು ಮಾಡಿ ಹಿಂದಕ್ಕೆ ಎಸೆಯಿತು.

ಮಿಮೂನನ ಬೆನ್ನ ಹಿಂದೆ ಲಾಳಗಳು ಕಲ್ಲನ್ನು ಕೆರೆದವು. ಅಲ್ಲಾಲ್‌ನ ಕರಿಯ ಕುದುರೆಯ ಬಿಸಿ ಉಸಿರು ಅವನ ಸೊಂಟಕ್ಕೆ ತಾಗಿತು. ಅದರ ಎದೆ ಗಝಾಲಾಳ ಹಿಂಭಾಗಕ್ಕೆ ಗುದ್ದಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಬದುಕಿಡೀ ಕಲಿತದ್ದು ಅದೊಂದೇ ಪಾಠ: ಈ ಸದ್ದು ಬಂದರೆ ಓಡಬೇಕು.

"ಮಿಮೂನ್!" ಅಲ್ಲಾಲ್‌ನ ಡೋಲು ಈಗ ಮಗುವಿನ ದನಿಯಾಗಿತ್ತು. "ಹಿಡಿದ್ರೂ ನಿಲ್ತಾ ಇಲ್ಲ ಕಣೋ! ಓಡ್ತವೆ! ನಾವೆಲ್ಲಾ ಹೋದ್ವಿ!"

"ಕೋವಿ ತೆಗಿ!"

"ನಿನ್ನ ಕುದುರೆ ಮದ್ದು ಕೇಳಿಲ್ಲ, ಹಾರಿಬಿಡುತ್ತೆ!"

"ನನಗೆ ಗೊತ್ತಿಲ್ವೇನೋ ಅದು!"

ಗೊತ್ತಿತ್ತು. ಗಝಾಲಾ ಒಂದು ಹೆಜ್ಜೆ ಓಡಿತು, ಎರಡು ಹೆಜ್ಜೆ ಓಡಿತು, ಹಿಂಗಾಲು ಅಂಚಿಗೆ ಜಾರಿ ಮತ್ತೆ ಹತ್ತಿಕೊಂಡಿತು. ಮಿಮೂನ್ ಕಾಲನ್ನು ರಿಕಾಪಿನಿಂದ ಕಿತ್ತು, ಬಂಡೆಗೆ ಬೆನ್ನು ಒರೆಸಿಕೊಂಡು, ಕುದುರೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಜಾರಿದ. ಹೊಟ್ಟೆ ಅರೆದುಹೋಗುವ ಹಾಗಾಯಿತು. ಒಂದು ಕೈಯಿಂದ ಬಂಡೆಯ ಬಿರುಕು ಹಿಡಿದ. ಇನ್ನೊಂದು ಕೈಯಿಂದ ಗಝಾಲಾಳ ಕಿವಿ ಮುಚ್ಚಲು ನೋಡಿದ. ಒಂದು ಕಿವಿ ಮಾತ್ರ ಸಿಕ್ಕಿತು.

"ಹೊಡಿ!" ಎಂದು ಕಿರುಚಿದ. "ಹೊಡಿಯೋ ಅಲ್ಲಾಲ್!"

ಅಲ್ಲಾಲ್ ಆಟದ ಕೂಗು ಹಾಕಿದ. ಹಿಂದಿನವರು ರೂಢಿಯ ಬಲದಿಂದಲೇ ಕೋವಿ ಎತ್ತಿದರು. ಎಲ್ಲ ಒಂದೇ ಬಾಯಲ್ಲಿ ಸಿಡಿದವು.

ಕುದುರೆಗಳು ನಿಂತವು. ಕಲ್ಲಿನಲ್ಲಿ ಕೆತ್ತಿದ ಹಾಗೆ, ಕಾಲು ನಾಲ್ಕೂ ಊರಿ, ನಡುಗುತ್ತ ನಿಂತವು. ಗಝಾಲಾಳ ಕಿವಿ ಮಿಮೂನನ ಅಂಗೈಯಿಂದ ಜಾರಿಹೋಯಿತು. ಅದು ಮುಂದಕ್ಕೂ ಹಾರಲಿಲ್ಲ, ಹಿಂದಕ್ಕೂ ಹಾರಲಿಲ್ಲ. ಕಮರಿಯ ಕಡೆ ಹಾರಿತು.

ಹೊಗೆ ತೆಳುವಾದಾಗ ಆಚೆಯ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಮಿಮೂನನ ಮುಷ್ಟಿಯಲ್ಲಿ ಬೂದು ಬಣ್ಣದ ನಾಲ್ಕು ಕೂದಲು ಇದ್ದವು. ಉಳಿದ ದಾರಿಯನ್ನು ಅವನು ನಡೆಯಲಿಲ್ಲ, ಅಂಬೆಗಾಲಿಟ್ಟು ಹೋದ. ಎಲ್ಲರ ಕಣ್ಣೆದುರಿಗೇ ಹೋದ. ಅವನ ಹಿಂದೆ ಸವಾರರು ಕುದುರೆಗಳ ಕಿವಿಗೆ ರುಮಾಲು ತುರುಕಿ ಒಂದೊಂದೇ ಹೆಜ್ಜೆ ನಡೆಸಿಕೊಂಡು ಬಂದರು.

ಅಗೂನಿಯಲ್ಲಿ ಬೆಣ್ಣೆ, ಜೇನು, ಬಿಸಿ ರೊಟ್ಟಿ ಹರಡಿದ್ದರು. ಯಾರೂ ಮುಟ್ಟಲಿಲ್ಲ. ಬಸುರಿಯರ ಮನೆಗೆಂದು ಹೆಂಗಸರು ಚಳಿಗಾಲವಿಡೀ ನೇಯ್ದ ಕೆಂಪು ಕಂಬಳಿಯನ್ನು ತಂದು ಅಲ್ಲಾಲ್‌ನ ಕೈಗಿಟ್ಟರು. ಅವನು ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತ.

ರುಖಿಯಾ ಹಿತ್ತಿಲಿಗೆ ಹೋಗಿ ಊರಿನ ಹೇಸರಗತ್ತೆಯನ್ನು ಹಿಡಿದುಕೊಂಡು ಬಂದಳು. ಊರಿಗೆಲ್ಲ ಅದೊಂದೇ. ಹಗ್ಗವನ್ನು ಮಿಮೂನನ ಮುಂದೆ ಚಾಚಿದಳು.

"ನಮ್ಮ ಬಾಯಿಂದ ಹೋಯ್ತು ನಿನ್ನ ಕುದುರೆ. ಅದರ ಸಾಲ ನಮ್ಮ ಮೇಲಿದೆ. ಇದನ್ನ ತಗೋ."

"ಬೇಡ ಲಲ್ಲಾ."

"ಬೇಡ ಅನ್ನೋ ಹಾಗಿಲ್ಲ ಮಗನೇ. ನೀನು ನನ್ನ ಆರ್ ತೀರಿಸಿದೆ. ಇದು ಬೇರೆ ಲೆಕ್ಕ. ನಮ್ಮ ಹೊಸಿಲಲ್ಲಿ, ನಿನ್ನ ಕೈಗೇ ಕೊಡಬೇಕು."

ಮಿಮೂನ್ ಹೇಸರಗತ್ತೆಯನ್ನು ನೋಡಿದ. ಒಳ್ಳೆಯ ಪ್ರಾಣಿ, ಬಲವಾದ ಬೆನ್ನು. ಮೇಕೆದಾರಿಯಲ್ಲಿ ಅದು ಹತ್ತಲಾರದು. ಅದನ್ನು ಮನೆಗೆ ಒಯ್ಯಬೇಕಾದರೆ ಇರುವುದು ಸೊಂಟಪಟ್ಟಿ ಒಂದೇ. ಅವನ ಕೈ ಹಗ್ಗದವರೆಗೆ ಹೋಗಿ ನಿಂತಿತು.

"ಆಮೇಲೆ ಬಂದು ತಗೊಂಡು ಹೋಗ್ತೀನಿ," ಎಂದ. ಈ ಸಲ ಮಾತು ಅವನ ಬಾಯಿಂದಲೇ ಬಂತು.

ಸವಾರರು ಬಂದ ದಾರಿಯಲ್ಲೇ ಮರಳಿದರು. ಮಿಮೂನ್ ಮೇಕೆದಾರಿ ಹಿಡಿದು, ಬೆಟ್ಟದ ನೆತ್ತಿ ಸುತ್ತಿ, ಹಿಮ ತುಳಿದು ಒಬ್ಬನೇ ಮನೆಗೆ ಬಂದ. ಮಗಳು ಗಂಡು ಹೆತ್ತಳು, ತಾಯಿ ಮಗು ಇಬ್ಬರೂ ಕ್ಷೇಮ. ಬಸುರಿಯರ ಮನೆಯೂ ಎದ್ದಿತು. ಅಗೂನಿಯಿಂದ ಬಂದವಳಿಗೆ ಅಲ್ಲಿ ಗೋಡೆ ಕಡೆ ತಿರುಗುವ ಪ್ರಮೇಯ ಬರಲಿಲ್ಲ.

ಮುಂದಿನ ವಸಂತದಲ್ಲಿ ಸವಾರಿ ಬೇರೊಬ್ಬನ ಹಿಂದೆ ಅಗೂನಿಗೆ ಹೋಯಿತು. ಹೇಸರಗತ್ತೆಯನ್ನು ತಾನೇ ಹಿಡಿದು ತರುತ್ತೇನೆಂದು ಅಲ್ಲಾಲ್ ಕೇಳಿಕೊಂಡ. ರುಖಿಯಾ ಕೊಡಲಿಲ್ಲ. "ಸಾಲ ನಿನ್ನದಲ್ಲ, ಪ್ರಾಣಿ ನಿನ್ನದಲ್ಲ. ಅವನೇ ಬರಲಿ," ಎಂದಳು.

ಪೇಟೆಯಲ್ಲಿ ಜನ ಮಿಮೂನನನ್ನು ಕೊಂಡಾಡುತ್ತಾರೆ. ಅಗೂನಿಯ ಹೆಂಗಸರಿಗೆ ಇರುವುದು ಒಂದೇ ಹೇಸರಗತ್ತೆ, ಅದನ್ನು ಕಿತ್ತುಕೊಳ್ಳಬಾರದೆಂದು ಬಿಟ್ಟಿದ್ದಾನೆ, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ಹಾಗೆಂದವರ ಮೇಲೆ ಅವನು ಹರಿಹಾಯುತ್ತಾನೆ. ಅದನ್ನೂ ಅವರು ದೊಡ್ಡತನ ಎಂದೇ ತಿಳಿಯುತ್ತಾರೆ. ಇಝ್ಝಾ ತಲೆ ಬಗ್ಗಿಸಿಕೊಂಡು ಹಿಟ್ಟು ನಾದುತ್ತಾಳೆ.

ರುಖಿಯಾ ತೀರಿಕೊಂಡಳು. ಆ ಹೇಸರಗತ್ತೆಯೂ ಮುದಿಯಾಗಿ ಸತ್ತಿತು. ಸೊಸೆ ಇನ್ನೊಂದನ್ನು ಸಾಕಿದ್ದಾಳೆ. ಊರವರು ಅದನ್ನು ಕರೆಯುವುದೇ 'ಮಿಮೂನನದು' ಎಂದು. ಉಪ್ಪು ತರಲು ಒಯ್ಯುವಾಗಲೂ "ಮಿಮೂನನದನ್ನ ಬಿಚ್ಚು" ಎನ್ನುತ್ತಾರೆ. ಹಿಮ ಕರಗಿದ ಕೂಡಲೇ ಅಗೂನಿಯಿಂದ ಸಂತೆಗೆ ಇಳಿದವರು ಮೊದಲು ಅವನ ಮನೆಗೆ ಬಂದು ಬಾಗಿಲು ತಟ್ಟುತ್ತಾರೆ.

"ಬಂದು ತಗೊಂಡು ಹೋಗಬೇಕಂತೆ, ಮಿಮೂನ್ ಚಿಕ್ಕಪ್ಪಾ. ಸೊಸೆ ಹೇಳಿ ಕಳಿಸಿದ್ದಾಳೆ. ಸತ್ತ ಅತ್ತೆ ಕನಸಲ್ಲಿ ಬಂದು ಕೇಳ್ತಾಳಂತೆ."

"ಈ ವರ್ಷ ಮಂಡಿನೋವು," ಎನ್ನುತ್ತಾನೆ ಮಿಮೂನ್, ಒಳಗಿನಿಂದಲೇ. "ಮುಂದಿನ ವರ್ಷ ಬರ್ತೀನಿ ಅಂತ ಹೇಳು."